ನೋಟ್‌ಬುಕ್ಕಮ್ಮ ಆರಿಸಿದ ಡೈರೆಕ್ಟರ್

ನಮ್ಮ ಅತ್ತೆಗೆ ಯಾರಾದರೂ ಜಗಳದ ಸುದ್ದಿ ಹೇಳಿದರೆ, ಯಾರು ಯಾರಿಗೆ ಏನಂದರು ಎಂದು ಅವಳು ಕೇಳುವುದಿಲ್ಲ. "ಆಗ ಅವರು ನಿಂತಿದ್ರಾ, ಕೂತಿದ್ರಾ? ಕೈಲಿ ಏನಿತ್ತು?" ಎಂದು ಕೇಳುತ್ತಾಳೆ. ಒಮ್ಮೆ ಅಪ್ಪ ತಮ್ಮ ಆಫೀಸಿನಲ್ಲಿ ಮೇಲಿನವರ ಜೊತೆ ಮಾತಿಗೆ ಮಾತು ಬೆಳೆದದ್ದನ್ನು ಊಟದ ಹೊತ್ತಿನಲ್ಲಿ ಬಿಸಿಬಿಸಿಯಾಗಿ ಹೇಳುತ್ತಿದ್ದರು. ಅತ್ತೆ ನಡುವೆ ಬಾಯಿ ಹಾಕಿದಳು. "ಅಣ್ಣ, ಮೊದಲು ಫೈಲು ಎಡಗೈಲಿತ್ತು ಅಂದೆ. ಈಗ ಎರಡೂ ಕೈಲಿ ಮೇಜು ಗುದ್ದಿದೆ ಅಂತೀಯ. ಫೈಲು ಎಲ್ಲಿ ಹೋಯ್ತು?"

ಅಪ್ಪ ತಟ್ಟೆಯಲ್ಲಿ ಅನ್ನ ಕಲಸುತ್ತ, "ಗುದ್ದಲಿಲ್ಲ ಬಿಡು," ಎಂದರು.

ಅದು ಅವಳ ಕೆಲಸ. ಸಿನಿಮಾದಲ್ಲಿ ಒಬ್ಬ ಬಾಗಿಲು ತಳ್ಳುವುದನ್ನು ಸೋಮವಾರ ಯಾವುದೋ ಬೀದಿಯಲ್ಲಿ ತೆಗೆಯುತ್ತಾರೆ. ಅವನು ಒಳಗೆ ಬಂದು ಕೂರುವುದನ್ನು ಮುಂದಿನ ತಿಂಗಳು ಸ್ಟುಡಿಯೋದಲ್ಲಿ ತೆಗೆಯುತ್ತಾರೆ. ತೆರೆಯ ಮೇಲೆ ಎರಡರ ನಡುವೆ ಒಂದು ಉಸಿರಿನ ಅಂತರವೂ ಇರುವುದಿಲ್ಲ. ಆ ಒಂದು ತಿಂಗಳಲ್ಲಿ ಅವನ ಗಡ್ಡ ಬೆಳೆದಿರಬಾರದು, ಬಿಚ್ಚಿದ್ದ ಗುಂಡಿ ಹಾಕಿರಬಾರದು, ಚೀಲ ಭುಜ ಬದಲಾಯಿಸಿರಬಾರದು. ಇದನ್ನೆಲ್ಲ ಬರೆದಿಟ್ಟುಕೊಂಡು, ತಪ್ಪಿದಾಗ ಹೇಳುವವರು ಕಂಟಿನ್ಯೂಟಿಯವರು. ಅತ್ತೆ ಇಪ್ಪತ್ತೆರಡು ವರ್ಷ ಬರೆದಳು. ಉದ್ದನೆಯ ನೋಟ್‌ಬುಕ್ಕು, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ಸಿಲು. ಲೈಟಿನವರಿಂದ ಹಿಡಿದು ಹೀರೊವರೆಗೆ ಎಲ್ಲರ ಬಾಯಲ್ಲೂ ಅವಳು ನೋಟ್‌ಬುಕ್ಕಮ್ಮ. ನಿಜವಾದ ಹೆಸರು ಸಿನಿಮಾ ಮುಗಿದ ಮೇಲೆ ತೆರೆಯ ಮೇಲೆ ಸರಿದುಹೋಗುವ ಪಟ್ಟಿಯಲ್ಲಿ ಬರುತ್ತಿತ್ತು. "ನಿನ್ನ ಹೆಸರು ಬರೋ ಹೊತ್ತಿಗೆ ಜನ ಸೀಟಿನ ಕೆಳಗೆ ಚಪ್ಪಲಿ ಹುಡುಕ್ತಿರ್ತಾರೆ ಕಣಮ್ಮ," ಎಂದು ಅಪ್ಪ ಕಾಲೆಳೆಯುತ್ತಿದ್ದರು.

ಅವಳು ಹೆಚ್ಚಾಗಿ ದುಡಿದದ್ದು ಒಬ್ಬರೇ ಡೈರೆಕ್ಟರ ಹತ್ತಿರ. ಅವರನ್ನು ಎಲ್ಲರೂ 'ದೊಡ್ಡವರು' ಎನ್ನುತ್ತಿದ್ದರು. ಅತ್ತೆ ಮಾತ್ರ 'ಸಾರ್' ಎನ್ನುತ್ತಿದ್ದಳು. 'ಕೆಂಪು ಗಾಡಿ' ಸಿನಿಮಾಗಳು ಅವರವೇ. ಒಂದು, ಎರಡು, ಮೂರು ಎಂದು ಬಂದ ಮೂರೂ ಥಿಯೇಟರಿನ ಗೋಡೆ ನಡುಗುವಂತೆ ಓಡಿದವು. ಬೆಂಕಿ ಆರಿಸುವ ದಳದ ಕ್ಯಾಪ್ಟನ್ ಒಬ್ಬನ ಕಥೆ. ಅವನು ಹೆಲ್ಮೆಟ್ ಹಾಕಿಕೊಂಡ ಕೂಡಲೇ ಶಿಳ್ಳೆ ಬೀಳುತ್ತಿತ್ತು. ನಮ್ಮ ಬೀದಿಯ ಮಕ್ಕಳು ಸೈಕಲ್ಲಿನ ಮೇಲೆ ಬಾಯಲ್ಲೇ ಸೈರನ್ ಕೂಗುತ್ತ ಹೋಗುತ್ತಿದ್ದವು. ನಾಲ್ಕನೆಯದಕ್ಕೆ ಎಲ್ಲ ತಯಾರಾಗಿದ್ದಾಗ ದೊಡ್ಡವರ ಕಣ್ಣು ಕೈಕೊಟ್ಟಿತು.

"ಈಗ ನನಗೆ ಮುಖ ಕಾಣ್ಸಲ್ಲ, ಮುಖ ಇರೋ ಜಾಗ ಕಾಣ್ಸುತ್ತೆ. ಅಷ್ಟರಲ್ಲಿ ಸಿನಿಮಾ ಆಗಲ್ಲ," ಎಂದು ಅವರೇ ಪ್ರೊಡ್ಯೂಸರಿಗೆ ಹೇಳಿದರು. ಕಥೆ ಅವರದು, ಮುಂದಿನದನ್ನು ಯಾರು ಮಾಡಬೇಕು ಎಂದು ಅವರೇ ಹೇಳಬೇಕು ಎಂಬುದು ಮೊದಲಿನಿಂದಲೂ ಒಪ್ಪಂದದಲ್ಲಿತ್ತು. ಯೋಚನೆಯಲ್ಲಿದ್ದ ಡೈರೆಕ್ಟರುಗಳ ಪಟ್ಟಿಯಲ್ಲಿ ಕೊನೆಗೆ ಉಳಿದವರು ಮೂವರು. ದೊಡ್ಡವರು ಅತ್ತೆಯನ್ನು ಮನೆಗೆ ಕರೆಸಿದರು.

"ಮೂರು ಜನಕ್ಕೂ ಒಂದೇ ಸೀನು ತೋರ್ಸು. ಎರಡನೇ ಗಾಡಿಯದು, ಗೋಡೌನ್ ಸೀನು. ಅವರು ಸಿನಿಮಾ ನೋಡ್ತಿರ್ಲಿ, ನೀನು ಅವರನ್ನ ನೋಡ್ತಿರು. ಆಮೇಲೆ ಬಂದು ಒಂದು ಹೆಸರು ಹೇಳು."

"ನಾನಾ ಸಾರ್?"

"ಮತ್ಯಾರು? ಇಪ್ಪತ್ತೆರಡು ವರ್ಷ ಬೇರೆಯವರನ್ನ ನೋಡೋದು ಬಿಟ್ಟು ಇನ್ನೇನು ಮಾಡಿದೀಯ?"

ಅಂದು ಮನೆಗೆ ಬಂದ ಅತ್ತೆ ಎರಡು ಸಲ ಕೈ ತೊಳೆದಳು. ಆಗ ಅವಳಿಗೆ ಐವತ್ತಾರು. ಬೇರೆ ಸಿನಿಮಾದವರು ಫೋಟೊ ತೆಗೆದು ಟ್ಯಾಬಿನಲ್ಲಿ ಇಟ್ಟುಕೊಳ್ಳುವ ಚಿಕ್ಕ ವಯಸ್ಸಿನವರನ್ನು ಕರೆಯುತ್ತಿದ್ದರು. ಪೆನ್ಸಿಲಿನವಳನ್ನು ಕರೆಯುವುದು 'ಕೆಂಪು ಗಾಡಿ' ಒಂದೇ. ಹೊಸ ಡೈರೆಕ್ಟರು ಇರಲಿ ಎಂದರೆ ಅವಳ ಕುರ್ಚಿ ಇತ್ತು, ಬೇಡ ಎಂದರೆ ಅಲ್ಲಿಗೆ ಮುಗಿಯಿತು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಒಳ್ಳೇದೇ ಆಯ್ತಲ್ಲ. ನಿನ್ನ ಕುರ್ಚಿ ಯಾರು ಉಳಿಸ್ತಾರೋ ಅವರ ಹೆಸರು ಹೇಳು, ಮುಗೀತು," ಎಂದಳು ಅಮ್ಮ.

"ಅತ್ತಿಗೆ, ಅದಕ್ಕಲ್ಲ ಅವರು ನನ್ನ ಕೇಳಿದ್ದು."

"ಕೇಳಿದ್ದು ಯಾವುದಕ್ಕಾದ್ರೂ ಆಗ್ಲಿ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳೋ ಜಾತಿ ನಿಮ್ಮಣ್ಣನದು. ನೀನಾದ್ರೂ ಕಣ್ಣು ಬಿಟ್ಕೊಂಡಿರು."

ಗೋಡೌನ್ ಸೀನಿನ ಬಗ್ಗೆ ಇಲ್ಲಿ ಹೇಳಬೇಕು. ಗೋಡೌನಿಗೆ ಬಿದ್ದ ಬೆಂಕಿ ಆರಿದ ಮೇಲೆ ಕ್ಯಾಪ್ಟನ್ ತನ್ನ ಗಾಡಿಯ ಹಿಂದಿನ ಮೆಟ್ಟಿಲ ಮೇಲೆ ಕೂತಿರುತ್ತಾನೆ. ಸುಟ್ಟ ಎಡಗೈಗೆ ಬಟ್ಟೆಯ ಪಟ್ಟಿ. ಒಳಗಿದ್ದ ಮುದುಕಿ ಬದುಕಲಿಲ್ಲ ಎಂದು ಯಾರೋ ಬಂದು ಹೇಳುತ್ತಾರೆ. ಅವನು ತಲೆ ಎತ್ತುತ್ತಾನೆ. ಆ ಮುಖ ಹತ್ತಿರದಿಂದ ಕಾಣುವಾಗ, ಗಲ್ಲದ ಕೆಳಗೆ ಕಾಣುವ ಪಟ್ಟಿ ಈಗ ಬಲಗೈಗಿದೆ.

ತಪ್ಪು ಮೇಕಪ್ಪಿನವರದು. ಮೂರು ವಾರ ಬಿಟ್ಟು ಆ ಹತ್ತಿರದ ಶಾಟ್ ತೆಗೆದಾಗ ಅವರು ಗಡಿಬಿಡಿಯಲ್ಲಿ ಇನ್ನೊಂದು ಕೈಗೆ ಕಟ್ಟಿದರು. ಅತ್ತೆ ನೋಡಿ ಓಡಿಬರುವಷ್ಟರಲ್ಲಿ ಕ್ಯಾಮೆರಾ ಓಡುತ್ತಿತ್ತು. ಕ್ಯಾಮೆರಾ ಓಡುವಾಗ ಯಾರೂ ಬಾಯಿ ಬಿಡುವಂತಿಲ್ಲ. ಅವಳು ಕೈ ಎತ್ತಿಕೊಂಡು ನಿಂತಳು, ದೊಡ್ಡವರು ಅವಳನ್ನು ನೋಡಿದರು, ನೋಡಿ ಮತ್ತೆ ಹೀರೊ ಕಡೆ ತಿರುಗಿದರು. ಆಮೇಲೆ ಪಟ್ಟಿಯನ್ನು ಸರಿ ಕಟ್ಟಿ ನಾಲ್ಕು ಸಲ ತೆಗೆದರು. ಸಿನಿಮಾದಲ್ಲಿ ಉಳಿದದ್ದು ಮಾತ್ರ ಮೊದಲನೆಯದೇ. ಎಡಿಟಿಂಗ್ ಕೋಣೆಯಲ್ಲಿ ಅತ್ತೆ ಬೇಡಿಕೊಂಡಳು, ವಾದ ಮಾಡಿದಳು, ಕೊನೆಗೆ ನಾಲ್ಕು ದಿನ ದೊಡ್ಡವರ ಜೊತೆ ಮಾತು ಬಿಟ್ಟಳು. ಅವರು ಅದನ್ನು ಗಮನಿಸಿದ್ದು ಐದನೇ ದಿನ.

ಸಿನಿಮಾ ಬಂದ ಮೇಲೆ ಜನ ಅದನ್ನು ಕಂಡುಹಿಡಿದರು. ತಪ್ಪು ಎಂದು ಯಾರೂ ಹೇಳಲಿಲ್ಲ. ನೋವು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿದೆ ಎಂದು ಒಬ್ಬರು ಪತ್ರಿಕೆಯಲ್ಲಿ ಅರ್ಧ ಪುಟ ಬರೆದರು. ಹೌದಾ ಎಂದು ಕೇಳಿದವರಿಗೆ ದೊಡ್ಡವರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ನಕ್ಕು ಸುಮ್ಮನಾದರು. ಅತ್ತೆ ಆ ಪತ್ರಿಕೆಯ ಪುಟವನ್ನು ತನ್ನ ಕಪಾಟಿನ ಕೆಳಗಿನ ಖಾನೆಗೆ ಹಾಸಿ, ಮೇಲೆ ಚಪ್ಪಲಿ ಇಟ್ಟಳು.

ಮುಂದಿನದೆಲ್ಲ ಅವಳು ನನಗೆ ಹೇಳಿದ್ದು. ಯಾರ ಕೈ ಎಲ್ಲಿತ್ತು ಎಂಬುದು ಸಮೇತ ಹೇಳಿದಳು.

ಸೀನು ತೋರಿಸಿದ್ದು ಪ್ರೊಡ್ಯೂಸರ ಆಫೀಸಿನ ಮೇಲಿನ ಮಹಡಿಯಲ್ಲಿ. ಹನ್ನೆರಡು ಸೀಟಿನ ಪುಟ್ಟ ಕೋಣೆ, ಸೀಟಿನ ಕೆಂಪು ಬಟ್ಟೆ ಹರಿದಲ್ಲೆಲ್ಲ ಕಪ್ಪು ಟೇಪು. ಅತ್ತೆ ಪರದೆಗೆ ಬೆನ್ನು ಕೊಟ್ಟು ಒಂದು ಸ್ಟೂಲಿನ ಮೇಲೆ ಕೂತಳು. ನೋಡುವವರಿಗೆ ಮುಜುಗರವಾಗದಿರಲಿ ಎಂದು ನೋಟ್‌ಬುಕ್ಕು ತೆರೆದಿಟ್ಟುಕೊಂಡಿದ್ದಳಂತೆ.

ಮೊದಲು ಬಂದವರು ಹಿಂದಿನ ಎರಡು ವರ್ಷದಲ್ಲಿ ಎರಡು ಭಾರಿ ಹಿಟ್ ಕೊಟ್ಟವರು. ಜೊತೆಗೆ ನಾಲ್ಕು ಜನ. ಸೀನು ಮುಗಿಯುತ್ತಲೇ ಎದ್ದುನಿಂತು ಚಪ್ಪಾಳೆ ತಟ್ಟಿದರು, ಜೊತೆಯವರೂ ತಟ್ಟಿದರು.

"ಏನು ತಲೆ ಅಮ್ಮ ಅವರದು. ನೋವು ಕೈಯಿಂದ ಕೈಗೆ ದಾಟುತ್ತೆ. ನಾನು ಇದನ್ನೇ ದೊಡ್ಡದು ಮಾಡ್ತೀನಿ ನೋಡಿ. ನಾಲ್ಕನೇದ್ರಲ್ಲಿ ಎರಡೂ ಕೈಗೂ ಪಟ್ಟಿ. ಬೆಂಕಿ ಮಧ್ಯದಿಂದ ಗಾಡೀನೇ ಹಾರಿ ಬರುತ್ತೆ."

"ಗಾಡಿ ಹಾರುತ್ತಾ?"

"ಹಾರುತ್ತೆ. ಜನ ಸೀಟಿಂದ ಎದ್ದುಬಿಡ್ತಾರೆ."

ಹೊರಡುವಾಗ ಅವರೇ ಹತ್ತಿರ ಬಂದು ಎರಡೂ ಕೈಯಲ್ಲಿ ಅತ್ತೆಯ ಕೈ ಹಿಡಿದರು. "ನೀವಿಲ್ದೆ ಕೆಂಪು ಗಾಡಿ ಇಲ್ಲಮ್ಮ. ನಿಮ್ಮ ಕುರ್ಚಿ ನಿಮ್ದೇ. ಅದನ್ನ ಯಾರೂ ಮುಟ್ಟಲ್ಲ." ಕೆಟ್ಟವರಲ್ಲ, ಕೈ ಬೆಚ್ಚಗಿತ್ತು ಎಂದಳು ಅತ್ತೆ.

ಮಾರನೇ ದಿನದವರು ಜಾಹೀರಾತು ಮಾಡುವವರು, ಹೀರೊನ ಭಾವ. ಅವರ ಕಣ್ಣು ಚುರುಕು. ಪಟ್ಟಿ ಬಲಗೈಗೆ ಬಂದದ್ದೇ ತಡ, "ನಿಲ್ಲಿಸಿ, ನಿಲ್ಲಿಸಿ," ಎಂದರು. "ಇದು ತಪ್ಪಲ್ವಾ? ಇಷ್ಟು ವರ್ಷ ಯಾರೂ ಸರಿ ಮಾಡಿಲ್ವಾ? ಕಂಪ್ಯೂಟರಲ್ಲಿ ಒಂದು ಬೆಳಗಿನ ಕೆಲಸ. ಆ ಕೈ ತೆಗೆದು ಈ ಕೈ ಇಡ್ತೀವಿ, ಹೊಸದಾಗಿ ಬಿಡುಗಡೆ ಮಾಡ್ತೀವಿ."

ಅತ್ತೆ ಸ್ಟೂಲಿನಿಂದ ಅರ್ಧ ಎದ್ದಳಂತೆ. ಆ ತಪ್ಪು ಸರಿಹೋಗಬೇಕೆಂದು ಅವಳಷ್ಟು ಆಸೆಪಟ್ಟವರು ಯಾರೂ ಇರಲಿಲ್ಲ. "ಮುಖ?" ಎಂದು ಕೇಳಿದಳು.

"ಯಾವ ಮುಖ?"

"ಆ ಶಾಟಲ್ಲಿರೋ ಮುಖ."

"ಮುಖಕ್ಕೇನಾಗಿದೆ? ಚೆನ್ನಾಗೇ ಇದೆ. ನಮ್ಮ ಬಾಮೈದನ ಮುಖ ಅಲ್ವಾ," ಎಂದು ಅವರು ಫೋನು ನೋಡಿಕೊಂಡರು. ಹೋಗುವಾಗ ಬಾಗಿಲಲ್ಲಿ ನಿಂತು, "ನೀವೂ ಇರಿ. ಸೆಟ್ಟಲ್ಲಿ ಹಳಬರು ಒಬ್ಬರು ಇದ್ರೆ ಒಳ್ಳೇದು," ಎಂದರು.

ಎರಡು ದಿನದಲ್ಲಿ ಅವಳಿಗೆ ಎರಡು ಕುರ್ಚಿ ಸಿಕ್ಕಿದ್ದವು. ಅಮ್ಮ ಬೆರಳು ಮಡಚಿ ಎಣಿಸಿದಳು.

ಮೂರನೆಯವಳ ಹೆಸರನ್ನು ಪಟ್ಟಿಗೆ ಸೇರಿಸಿದ್ದು ದೊಡ್ಡವರೇ. ಮೂವತ್ತನಾಲ್ಕು ವರ್ಷದವಳು, ಮಾಡಿದ್ದು ಒಂದೇ ಸಿನಿಮಾ, ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯ ಅಕ್ಕತಂಗಿಯರದು. ಥಿಯೇಟರಿನಲ್ಲಿ ಒಂಬತ್ತು ದಿನ ಇತ್ತು. ಪ್ರೊಡ್ಯೂಸರ ಆಫೀಸಿನಲ್ಲಿ ಅವಳನ್ನು ಲಾಂಡ್ರಿ ಡೈರೆಕ್ಟರ್ ಎಂದು ನಗುತ್ತಿದ್ದರು. ದೊಡ್ಡವರು ಕಣ್ಣು ಮಂಜಾದ ಮೇಲೆ ಥಿಯೇಟರಿಗೆ ಹೋಗಿ ಆ ಸಿನಿಮಾವನ್ನು ಬರೀ ಕೇಳಿಸಿಕೊಂಡು ಬಂದಿದ್ದರು. "ಎಲ್ಲ ಅರ್ಥ ಆಯ್ತು. ಎಲ್ಲಿ ಯಾರೂ ಮಾತಾಡ್ತಿರ್ಲಿಲ್ವೋ ಅಲ್ಲೇ ಹೆಚ್ಚು ಅರ್ಥ ಆಯ್ತು," ಎಂದಿದ್ದರು.

ಅವಳು ಬಸ್ಸಿನಲ್ಲಿ ಬಂದಳು, ಐದು ನಿಮಿಷ ತಡವಾಗಿ. ಕ್ಷಮಿಸಿ ಎಂದಳು, ಬಾಟಲಿಯ ನೀರು ಕುಡಿದಳು, ಬಾಟಲಿಯನ್ನು ಮಡಿಲಲ್ಲೇ ಇಟ್ಟುಕೊಂಡು ಸೀನು ನೋಡಿದಳು. ಇನ್ನೊಂದು ಸಲ ಹಾಕಿ ಎಂದಳು. ಮೂರನೇ ಸಲ ಶಬ್ದ ತೆಗೆದು ಹಾಕಿ ಎಂದಳು. ಅದೂ ಮುಗಿದ ಮೇಲೆ ಬಾಟಲಿಯ ಮುಚ್ಚಳ ಬಿಗಿ ಮಾಡಿದಳು.

"ಪಟ್ಟಿ ತಪ್ಪು ಕೈಗಿದೆ," ಎಂದಳು.

"ಹೂಂ."

"ಗೊತ್ತಿದ್ದೂ ಇಟ್ಕೊಂಡಿದಾರೆ."

"ಹೂಂ."

"ಇನ್ನೆಷ್ಟು ಸಲ ತೆಗೆದಿದ್ರು?"

"ನಾಲ್ಕು. ನಾಲ್ಕರಲ್ಲೂ ಪಟ್ಟಿ ಸರಿಯಿತ್ತು."

"ಆ ನಾಲ್ಕರಲ್ಲಿ ಅವನಿಗೆ ಮುದುಕಿ ಸತ್ತಿದ್ದು, ಯಾರೋ ಬಂದು ಹೇಳೋಕೆ ಮೊದಲೇ ಗೊತ್ತಿತ್ತು ಅಲ್ವಾ? ಮುಖದಲ್ಲಿ."

 ಅದನ್ನು ಅತ್ತೆ ಯಾವತ್ತೂ ಹಾಗೆ ಯೋಚಿಸಿರಲಿಲ್ಲ, ಆದರೆ ಕೇಳಿದ ಕೂಡಲೇ ನಾಲ್ಕೂ ಮುಖಗಳು ಒಂದರ ಹಿಂದೊಂದು ನೆನಪಾದವಂತೆ. ಹೌದು, ಗೊತ್ತಿತ್ತು.

"ನಾನಾಗಿದ್ರೂ ಇದನ್ನೇ ಇಡ್ತಿದ್ದೆ," ಎಂದಳು ಆ ಹುಡುಗಿ. "ನಿಮ್ಮ ಹತ್ರ ಕ್ಷಮೆ ಕೇಳಿ ಇಡ್ತಿದ್ದೆ. ಅವರು ಕೇಳಿದ್ರಾ?"

"ಅವರಾ?" ಎಂದು ಅತ್ತೆ ನಕ್ಕುಬಿಟ್ಟಳು. ನಗು ನಿಂತ ಮೇಲೆ, ಇನ್ನಿಬ್ಬರು ತಾವಾಗಿಯೇ ಹೇಳಿದ್ದನ್ನು ಇವಳ ಹತ್ತಿರ ಕೇಳಬೇಕಾಯಿತು. "ನಿಮಗೆ ಈ ಕೆಲಸ ಸಿಕ್ರೆ, ಕಂಟಿನ್ಯೂಟಿಗೆ ಯಾರು?"

 ಸುಳ್ಳು ಹೇಳಲು ಸಮಯ ತೆಗೆದುಕೊಳ್ಳುವವರು ಮೇಲೆ ನೋಡುತ್ತಾರೆ, ಇವಳು ಕೆಳಗೆ ನೋಡಿದಳು ಎಂದು ಅತ್ತೆ ಹೇಳಿದಳು. "ನನ್ ಜೊತೆ ಒಬ್ಳಿದಾಳೆ ಅಮ್ಮ. ನನ್ನ ಸಿನಿಮಾ ಅರ್ಧಕ್ಕೆ ನಿಂತು ಎಂಟು ತಿಂಗಳು ಯಾರೂ ಫೋನ್ ಎತ್ತದೆ ಇದ್ದಾಗ ಅವಳೊಬ್ಳೇ ಇದ್ದಳು. ಅವಳನ್ನ ಬಿಟ್ಟು ಬರಕ್ಕಾಗಲ್ಲ. ಒಂದು ಸೆಟ್ಟಲ್ಲಿ ಇಬ್ಬರು ಬರೆದ್ರೆ ಏನಾಗುತ್ತೆ ಅಂತ ನಿಮಗೇ ಗೊತ್ತು."

"ಎರಡು ಸತ್ಯ ಆಗುತ್ತೆ," ಎಂದಳು ಅತ್ತೆ.

"ಹೂಂ."

ಆ ಸಂಜೆ ಮನೆಯಲ್ಲಿ ಅಮ್ಮ ಕುಕ್ಕರಿನ ಮುಚ್ಚಳ ಸ್ವಲ್ಪ ಜೋರಾಗಿಯೇ ಇಟ್ಟಳು. "ಮುಗೀತಲ್ಲ. ಇಬ್ಬರು ಕುರ್ಚಿ ಹಾಕ್ತಾರೆ, ಒಬ್ಳು ಎಳೀತಾಳೆ. ಇದರಲ್ಲಿ ಯೋಚನೆ ಮಾಡಕ್ಕೇನಿದೆ?"

"ಗಾಡಿ ಹಾರಿಸ್ತಾರಂತೆ ಅತ್ತಿಗೆ."

"ಹಾರ್ಲಿ ಬಿಡು. ನೀನು ಅದರ ಮೇಲೆ ಕೂತ್ಕೋಬೇಕಾ?"

ಅಪ್ಪ ನಕ್ಕರು, ಅಮ್ಮನ ಮುಖ ನೋಡಿ ನಿಲ್ಲಿಸಿದರು. "ಆ ಹುಡುಗಿ ಸಿನಿಮಾ ನೋಡಿದೀಯಾ?" ಎಂದು ಅತ್ತೆಯನ್ನು ಕೇಳಿದರು. ನೋಡಿರಲಿಲ್ಲ. ಅದು ಆಗಷ್ಟೇ ಫೋನಿನಲ್ಲಿ ಬಂದಿತ್ತು. ಮಾರನೇ ದಿನ ಭಾನುವಾರ, ಮಧ್ಯಾಹ್ನದ ಊಟ ಆದ ಮೇಲೆ ನನ್ನ ಫೋನನ್ನು ಅಡುಗೆಮನೆಯ ಮೇಜಿನ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿ, ಅತ್ತೆ, ನಾನು ಇಬ್ಬರೂ ಕೂತೆವು.

ಅತ್ತೆ ಪೆನ್ಸಿಲ್ ಹಿಡಿದೇ ಕೂತಿದ್ದಳು. ಅವಳು ಏನು ಹುಡುಕುತ್ತಿದ್ದಾಳೆಂದು ನನಗೆ ಗೊತ್ತಾಯಿತು, ಅವಳಿಗೂ ನಾಚಿಕೆಯಿರಲಿಲ್ಲ. "ಅವಳ ಜೊತೆ ಬರೆಯೋ ಆ ಇನ್ನೊಬ್ಳು ಎಷ್ಟು ಗಟ್ಟಿ ನೋಡೋಣ," ಎಂದಳು. ಅಂಗಡಿಯಲ್ಲಿ ರಾಶಿ ಬಟ್ಟೆ. ಯಾವ ಅಂಗಿ ಒದ್ದೆ, ಯಾವುದು ಒಣಗಿದ್ದು, ಇಸ್ತ್ರಿಯ ತಂತಿ ಯಾವ ಕಡೆ ಸುತ್ತಿದೆ, ಗಿರಾಕಿಯ ಚೀಟಿ ಯಾವ ಬೆರಳ ಸಂದಿಯಲ್ಲಿದೆ. ತಪ್ಪಲು ಇಷ್ಟು ಜಾಗವಿರುವ ಸಿನಿಮಾ ಇನ್ನೊಂದಿಲ್ಲ ಎಂದಳು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಒಂದು ಕಡೆ "ಸಿಕ್ತು," ಎಂದು ಹಿಂದಕ್ಕೆ ಹಾಕಿಸಿದಳು. ಸಿಕ್ಕಿರಲಿಲ್ಲ, ತಂತಿ ಸರಿಯಾಗಿಯೇ ಇತ್ತು. ತುಟಿ ಕಚ್ಚಿಕೊಂಡು ಮತ್ತೆ ಬಗ್ಗಿದಳು.

ಆಮೇಲೆ ತೆರೆಯ ಮೇಲೆ ತಂಗಿ ಅಂಗಡಿ ಬಿಟ್ಟು ಹೋಗುತ್ತೇನೆ ಎನ್ನುತ್ತಾಳೆ. ಅಕ್ಕ ಏನೂ ಹೇಳುವುದಿಲ್ಲ. ಯಾರದೋ ಮಗುವಿನ ಪುಟ್ಟ ಅಂಗಿಯ ಕಾಲರನ್ನು ಇಸ್ತ್ರಿ ಮಾಡುತ್ತಲೇ ಇರುತ್ತಾಳೆ. ನಾನು ಅತ್ತೆಯ ಕಡೆ ತಿರುಗಿ, "ಈಗ ಇಸ್ತ್ರಿ ಯಾವ ಕೈಲಿತ್ತು?" ಎಂದು ಕೆಣಕಿದೆ.

ಅವಳು ನನ್ನನ್ನು ನೋಡಿದಳು. ನಿದ್ದೆಯಿಂದ ಎಬ್ಬಿಸಿದವರನ್ನು ನೋಡುವ ಹಾಗೆ. "ನೋಡಲಿಲ್ಲ ಕಣೇ," ಎಂದಳು.

ಪೆನ್ಸಿಲು ಮೇಜಿನ ಕೆಳಗೆ ಬಿದ್ದಿತ್ತು. ಅದು ಯಾವಾಗ ಬಿದ್ದದ್ದೆಂದು ಇಬ್ಬರಿಗೂ ತಿಳಿದಿರಲಿಲ್ಲ.

ಸೋಮವಾರ ಅವಳು ದೊಡ್ಡವರ ಮನೆಗೆ ಹೋದಳು. ಅವರು ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು, ಬೆಳಕು ಕಣ್ಣಿಗೆ ಚುಚ್ಚುತ್ತದೆಂದು. ಅತ್ತೆ ಹೆಸರು ಹೇಳಿದಳು.

"ಲಾಂಡ್ರಿಯವಳಾ? ಸರಿ. ನಿನ್ನ ಇಟ್ಕೋತಾಳಂತಾ?"

"ಇಲ್ಲ ಸಾರ್. ಅವಳದೇ ಒಬ್ಳು ಇದಾಳೆ."

"ಇನ್ನಿಬ್ಬರು?"

"ಇಟ್ಕೋತೀವಿ ಅಂದ್ರು."

ಅವರು ಕುರ್ಚಿಯ ಕೈ ತಡವಿದರು. "ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೋತಿದೀಯಲ್ಲೇ."

"ನಲವತ್ತು ನಿಮಿಷ ಆದ್ಮೇಲೆ ನಾನು ಕೈ ನೋಡೋದು ಮರ್ತುಬಿಟ್ಟೆ ಸಾರ್. ನಿಮ್ಮ ಸಿನಿಮಾದಲ್ಲೂ ಹಾಗಾಗಿರ್ಲಿಲ್ಲ."

ಇದು ಅವರಿಗೆ ಚುಚ್ಚೀತು ಎಂದು ಅವಳು ಹೆದರಿದ್ದಳು. ಅವರು ಅವಳ ದನಿ ಬಂದ ಕಡೆ ಮುಖ ತಿರುಗಿಸಿದರು. "ಮೂರರಲ್ಲಿ ಒಂದ್ರಲ್ಲೂ ಇಲ್ವಾ?" ಎಂದು ಕೇಳಿದರು.

"ನಿಮ್ಮದ್ರಲ್ಲಿ ನಾನು ಕೆಲಸದಲ್ಲಿದ್ನಲ್ಲ ಸಾರ್."

"ಜಾಣೆ," ಎಂದರು ಅವರು. ಆಮೇಲೆ, "ಆ ಪಟ್ಟಿ ಶಾಟು, ಈಗ ಕೊಟ್ರೂ ನಾನು ಅದನ್ನೇ ಇಡ್ತೀನಿ."

"ಗೊತ್ತು ಸಾರ್."

"ನಾಲ್ಕು ದಿನ ಮಾತು ಬಿಟ್ಟಿದ್ದೆ ನೀನು."

"ನೀವು ಐದನೇ ದಿನ ನೋಡಿದ್ರಿ."

"ಮೊದಲನೇ ದಿನಾನೇ ನೋಡಿದ್ದೆ," ಎಂದರು. "ಮಾತಾಡ್ಸಿದ್ರೆ ನೀನು ಗೆಲ್ತಿದ್ದೆ."

ಪ್ರೊಡ್ಯೂಸರು ಒಂದು ವಾರ ಹಾರಾಡಿದರು, ಹೀರೊ ಮೂರು ದಿನ ಮುನಿಸಿಕೊಂಡನು, ಕೊನೆಗೆ ಒಪ್ಪಂದದ ಕಾಗದದಲ್ಲಿದ್ದದ್ದೇ ನಡೆಯಿತು. ಲಾಂಡ್ರಿ ಡೈರೆಕ್ಟರಿಗೆ 'ಕೆಂಪು ಗಾಡಿ' ಸಿಕ್ಕಿತು ಎಂದು ಪತ್ರಿಕೆಯಲ್ಲಿ ಬಂದ ದಿನ ಅವಳೇ ಅತ್ತೆಗೆ ಫೋನು ಮಾಡಿದಳು. ಏನು ಮಾತಾಡಿದರೋ ಗೊತ್ತಿಲ್ಲ. ಅತ್ತೆ ಮೆಟ್ಟಿಲ ಮೇಲೆ ಕೂತು ಹೂಂ, ಹೂಂ ಎನ್ನುತ್ತಿದ್ದಳು. ಕೊನೆಗೆ, "ಹೀರೊಗೆ ಜಾಸ್ತಿ ಸಲ ತೆಗೆದ್ರೆ ಮುಂದೇನಾಗುತ್ತೆ ಅಂತ ಮುಖ ತಿಳ್ಕೊಂಬಿಡುತ್ತೆ. ಮೊದಲ ಎರಡರಲ್ಲೇ ಹಿಡ್ಕೋ ಮಗಳೇ," ಎಂದು ಹೇಳಿದ್ದು ಮಾತ್ರ ಕೇಳಿಸಿತು.

ಶೂಟಿಂಗ್ ಶುರುವಾದದ್ದು ಒಂದು ಗುರುವಾರ. ಅಂದು ನನಗೆ ಕಾಲೇಜು ಇರಲಿಲ್ಲ. ಹತ್ತು ಗಂಟೆಗೆ ಅತ್ತೆ ಅಡುಗೆಮನೆಗೆ ಬಂದು, ಒಗೆದ ಸೀರೆಯಲ್ಲಿ, ಎಲ್ಲಿ ನಿಲ್ಲಬೇಕೆಂದು ತಿಳಿಯದವಳಂತೆ ಬಾಗಿಲಲ್ಲಿ ನಿಂತಳು. ಸಿಂಕಿನ ಹತ್ತಿರ ಹೋದಳು, ಅಲ್ಲಿ ಅಮ್ಮ ಇದ್ದಳು. ಫ್ರಿಜ್ಜಿನ ಹತ್ತಿರ ಬಂದಳು, ಅಲ್ಲಿಗೂ ಅಮ್ಮ ಬಂದಳು.

"ಅತ್ತಿಗೆ, ಈ ಹೊತ್ತಲ್ಲಿ ನೀವು ಏನ್ಮಾಡ್ತೀರ?"

"ಸಿನಿಮಾ ಮಾಡ್ತೀನಿ. ಕೂತ್ಕೋ," ಎಂದು ಅಮ್ಮ ಒಂದು ಬುಟ್ಟಿ ಬೀನ್ಸ್ ಮತ್ತು ಚಾಕು ಅವಳ ಮುಂದಿಟ್ಟಳು.

ಅತ್ತೆ ಕೂತಳು. ಮೊದಲ ಬೀನ್ಸಿನ ನಾರು ತೆಗೆದು ಕತ್ತರಿಸಿ, ಆ ತುಂಡನ್ನು ಮೇಜಿನ ಅಂಚಿಗೆ ಬೇರೆಯಾಗಿಟ್ಟು, ಮುಂದಿನದನ್ನೆಲ್ಲ ಅದರ ಪಕ್ಕ ಹಿಡಿದು ಅಷ್ಟಷ್ಟೇ ಕತ್ತರಿಸತೊಡಗಿದಳು. ಅಮ್ಮ ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಆಮೇಲೆ ಅಂಚಿನಲ್ಲಿದ್ದ ಆ ತುಂಡನ್ನು ಎತ್ತಿ ಬಾಯಿಗೆ ಹಾಕಿಕೊಂಡಳು.

"ಅಯ್ಯೋ ಅತ್ತಿಗೆ, ಅದು ಅಳತೆಗೆ ಇಟ್ಟಿದ್ದು."

"ಗೊತ್ತು," ಎಂದು ಅಮ್ಮ ಅಗಿಯುತ್ತಲೇ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಬುಟ್ಟಿಯಿಂದ ಒಂದು ಹಿಡಿ ತೆಗೆದುಕೊಂಡಳು. "ಅದು ಬಿಟ್ಟು, ಫೋನಲ್ಲಿ ಆ ಹುಡುಗಿ ಏನಂದ್ಳು ಅದು ಹೇಳು. ಮೊದಲಿಂದ ಹೇಳು."